ವಿಕ್ಟೋರಿಯನ್ ಪಬ್‌ನ ವಾಸ್ತುಶಿಲ್ಪ

ವಿಕ್ಟೋರಿಯನ್ ಪಬ್ ಎಂದರೆ ರಾಣಿ ವಿಕ್ಟೋರಿಯಾಳ ಆಳ್ವಿಕೆಯಲ್ಲಿ (1837–1901) ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಬಿಯರ್, ವೈನ್ ಮತ್ತು ಇತರ ಮದ್ಯಗಳನ್ನು ಪರವಾನಗಿಯ ಮೇಲೆ ಮಾರಲು, ಕೊಂಡವರು ಅಲ್ಲಿಯೇ ಕುಡಿಯಲು ಕಟ್ಟಿದ ಇಲ್ಲವೇ ಮಾರ್ಪಡಿಸಿದ ಕಟ್ಟಡ. ಪಬ್ ಎಂಬುದು ಪಬ್ಲಿಕ್ ಹೌಸ್ ಎಂಬುದರ ಸಂಕ್ಷಿಪ್ತ ರೂಪ. ಒಂದೇ ಕೌಂಟರಿನಿಂದ ಹಲವು ಕೋಣೆಗಳಿಗೆ ಮದ್ಯ ಒದಗಿಸುವ ನಕ್ಷೆ, ಕೊರೆದ ಗಾಜು, ಮೆರುಗಿನ ಟೈಲ್ಸ್, ಮಹಾಗನಿ ಮರಗೆಲಸ ಮತ್ತು ಉಬ್ಬು ಚಿತ್ತಾರದ ಛಾವಣಿ ಇದರ ಗುರುತುಗಳು. ಇವುಗಳಲ್ಲಿ ಮುಖ್ಯವಾದುದು ನಕ್ಷೆ. ಅಲಂಕಾರವನ್ನು ಅದೇ ಕಾಲದ ರಂಗಮಂದಿರ, ಹೋಟೆಲು, ಬ್ಯಾಂಕುಗಳಲ್ಲಿಯೂ ಕಾಣಬಹುದು. ಕೋಣೆಗಳನ್ನು ಬೇರ್ಪಡಿಸಿ ಕೌಂಟರನ್ನು ಮಾತ್ರ ಒಂದಾಗಿ ಉಳಿಸಿಕೊಂಡ ಏರ್ಪಾಡು ಪಬ್ಬಿನದೇ. 1901ರಿಂದ ಮೊದಲ ಮಹಾಯುದ್ಧದವರೆಗೆ ಇದೇ ಸಂಪ್ರದಾಯದಲ್ಲಿ ಎದ್ದ ಕಟ್ಟಡಗಳನ್ನೂ ಸಾಮಾನ್ಯವಾಗಿ ಈ ವರ್ಗದೊಂದಿಗೇ ಪರಿಗಣಿಸಲಾಗುತ್ತದೆ. ಬೆಂಗಳೂರಿನಲ್ಲಿ 1980ರ ದಶಕದಿಂದ ಹರಡಿದ ಪಬ್‌ಗಳು ಹೆಸರನ್ನು ಇಲ್ಲಿಂದ ಪಡೆದಿದ್ದರೂ ಕಟ್ಟಡದ ಮಾದರಿಯಾಗಿ ಈ ಪರಂಪರೆಗೆ ಸೇರಿದವಲ್ಲ.

ಉಗಮ

ಹತ್ತೊಂಬತ್ತನೆಯ ಶತಮಾನಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಮದ್ಯ ಸಿಗುತ್ತಿದ್ದ ಸ್ಥಳಗಳು ಮೂರು ಬಗೆಯವು. ಪ್ರಯಾಣಿಕರಿಗೆ ವಸತಿ ಮತ್ತು ಕುದುರೆಗಳಿಗೆ ಲಾಯ ಕೊಡುತ್ತಿದ್ದದ್ದು ಇನ್. ಉಳ್ಳವರಿಗೆ ವೈನ್ ಮಾರುತ್ತಿದ್ದದ್ದು ಟ್ಯಾವರ್ನ್. ಸಾಮಾನ್ಯರು ಬಿಯರ್ ಕುಡಿಯುತ್ತಿದ್ದದ್ದು ಏಲ್‌ಹೌಸ್. ಏಲ್‌ಹೌಸಿಗೆ ಪ್ರತ್ಯೇಕ ವಾಸ್ತುರೂಪವೇ ಇರಲಿಲ್ಲ. ಅದು ಹೊರಗಿನಿಂದಲೂ ಒಳಗಿನಿಂದಲೂ ವಾಸದ ಮನೆ. ಗಿರಾಕಿಗಳು ಒಲೆಯ ಸುತ್ತ ಬೆಂಚುಗಳ ಮೇಲೆ ಕೂರುತ್ತಿದ್ದರು, ಮನೆಯವರು ನೆಲಮಾಳಿಗೆಯ ಪೀಪಾಯಿಯಿಂದ ಹೂಜಿಯಲ್ಲಿ ಬಿಯರ್ ತುಂಬಿ ತಂದು ಕೊಡುತ್ತಿದ್ದರು. ಕೌಂಟರ್ ಎಂಬುದು ಅಲ್ಲಿ ಇರಲಿಲ್ಲ.

ಈ ಮನೆಯನ್ನು ಅಂಗಡಿಯಾಗಿ ತಿರುಗಿಸಿದ ಕಾರಣಗಳಲ್ಲಿ ಒಂದು ಯಂತ್ರ. ಜೋಸೆಫ್ ಬ್ರಾಮಾ 1797ರಲ್ಲಿ ಪೇಟೆಂಟ್ ಪಡೆದ ಬಿಯರ್ ಪಂಪು ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಕೊಳವೆಯ ಮೂಲಕ ಮೇಲಕ್ಕೆ ಎಳೆಯುತ್ತಿತ್ತು. ಪಂಪಿನ ಹಿಡಿಗಳನ್ನು ಒಂದು ಕಡೆ ಸ್ಥಿರವಾಗಿ ನಿಲ್ಲಿಸಬೇಕಾದ್ದರಿಂದ ಮಾರಾಟವೂ ಆ ಜಾಗಕ್ಕೆ ಬಂದು ನಿಂತಿತು. ಇನ್ನೊಂದು ಕಾರಣ ಜಿನ್. 1820ರ ದಶಕದ ಮಧ್ಯದಲ್ಲಿ ಜಿನ್ ಮೇಲಿನ ಸುಂಕ ತೀವ್ರವಾಗಿ ಇಳಿಯಿತು. ಲಂಡನ್ನಿನ ವ್ಯಾಪಾರಿಗಳು ಆಗಿನ ಹೊಸ ಬಟ್ಟೆ ಅಂಗಡಿಗಳ ರೀತಿಯನ್ನು ಮದ್ಯದಂಗಡಿಗೆ ತಂದರು: ಬೀದಿಯತ್ತ ದೊಡ್ಡ ಗಾಜು, ಬಾಗಿಲ ಮೇಲೆ ಗ್ಯಾಸ್ ದೀಪ, ಒಳಗೆ ಉದ್ದನೆಯ ಕೌಂಟರ್, ಅದರ ಹಿಂದೆ ಚಿನ್ನದ ಬಣ್ಣದ ಪಟ್ಟಿ ಬಿಗಿದ ಪೀಪಾಯಿಗಳು. ಇವುಗಳಿಗೆ ಜಿನ್ ಅರಮನೆ ಎಂಬ ಹೆಸರು ಬಿತ್ತು. ಥಾಂಪ್ಸನ್ ಮತ್ತು ಫಿಯರನ್ ಸಂಸ್ಥೆಗಾಗಿ ವಾಸ್ತುಶಿಲ್ಪಿ ಜೆ. ಬಿ. ಪ್ಯಾಪ್‌ವರ್ತ್ 1830ರ ಸುಮಾರಿಗೆ ಹೋಬರ್ನ್‌ನಲ್ಲಿ ರೂಪಿಸಿದ ಅಂಗಡಿ ಇವುಗಳಲ್ಲಿ ಮೊದಲಿನವುಗಳ ಪೈಕಿ ಒಂದು. ಅಲ್ಲಿ ಕೂರಲು ಆಸನವಿರಲಿಲ್ಲ. ನಿಂತು ಕುಡಿದು ಹೊರಡುವುದೇ ಪದ್ಧತಿ. ಚಾರ್ಲ್ಸ್ ಡಿಕೆನ್ಸ್ 1830ರ ದಶಕದ ತನ್ನ ಲಂಡನ್ ಚಿತ್ರಣಗಳಲ್ಲಿ ಈ ಅಂಗಡಿಗಳ ಝಗಮಗವನ್ನೂ ಸುತ್ತಲಿನ ಕೊಳೆಗೇರಿಗಳ ಕತ್ತಲನ್ನೂ ಒಟ್ಟಿಗೇ ದಾಖಲಿಸಿದ್ದಾನೆ.

ಜನರನ್ನು ಜಿನ್‌ನಿಂದ ಬಿಯರಿನ ಕಡೆಗೆ ಸೆಳೆಯಲು 1830ರಲ್ಲಿ ಬಿಯರ್ ಕಾಯಿದೆ ಬಂತು. ತೆರಿಗೆ ಕಟ್ಟುವ ಯಾವ ಗೃಹಸ್ಥನಾದರೂ ಎರಡು ಗಿನಿ ಕೊಟ್ಟು, ಮ್ಯಾಜಿಸ್ಟ್ರೇಟರ ಒಪ್ಪಿಗೆಯಿಲ್ಲದೆಯೇ, ಬಿಯರ್ ಮಾರುವ ಪರವಾನಗಿ ಪಡೆಯಬಹುದಾಯಿತು. ಸ್ವಲ್ಪ ಕಾಲದಲ್ಲಿಯೇ ದೇಶದಾದ್ಯಂತ ಸುಮಾರು 24,000 ಬಿಯರ್ ಮನೆಗಳು ತಲೆಯೆತ್ತಿದವು. ಪೈಪೋಟಿಗೆ ಸಿಕ್ಕಿದ ಹಳೆಯ ಪಬ್‌ಗಳು ಜಿನ್ ಅರಮನೆಯ ಕೌಂಟರನ್ನೂ ಗಾಜನ್ನೂ ಬೆಳಕನ್ನೂ ತಮ್ಮೊಳಗೆ ತಂದುಕೊಂಡವು. ಏಲ್‌ಹೌಸಿನ ಬೇರೆ ಬೇರೆ ಕೋಣೆಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ವಿಕ್ಟೋರಿಯನ್ ಪಬ್ ಹುಟ್ಟಿದ್ದು ಈ ಕೂಡಿಕೆಯಿಂದ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ಮತ್ತು 1851ರಲ್ಲಿ ಕಿಟಕಿ ತೆರಿಗೆ ರದ್ದಾದ ಮೇಲೆ ದೊಡ್ಡ ಗಾಜು ಸಣ್ಣ ಪಬ್‌ಗಳಿಗೂ ಎಟುಕಿತು.

ಕಾನೂನು, ಬಂಡವಾಳ ಮತ್ತು ನಿರ್ಮಾಣದ ಭರಾಟೆ

ಈ ಕಟ್ಟಡಗಳ ಅದ್ದೂರಿಗೆ ಅಭಿರುಚಿಗಿಂತ ಪರವಾನಗಿಯ ಅಭಾವವೇ ಹೆಚ್ಚಿನ ಕಾರಣ. 1869ರ ಕಾಯಿದೆ ಬಿಯರ್ ಮನೆಗಳನ್ನು ಮತ್ತೆ ಮ್ಯಾಜಿಸ್ಟ್ರೇಟರ ಹಿಡಿತಕ್ಕೆ ತಂದಿತು, 1872ರ ಪರವಾನಗಿ ಕಾಯಿದೆ ನಿಯಂತ್ರಣವನ್ನು ಇನ್ನಷ್ಟು ಬಿಗಿಗೊಳಿಸಿತು. ಮದ್ಯಪಾನ ವಿರೋಧಿ ಚಳವಳಿಯ ಒತ್ತಡದಿಂದ ಹೊಸ ಪರವಾನಗಿಗಳು ಅಪರೂಪವಾದವು. ಹೊಸದು ಸಿಗದಿದ್ದಾಗ ಇರುವುದರ ಬೆಲೆ ಏರುತ್ತದೆ. ತಮ್ಮ ಬಿಯರಿಗೆ ಖಾತ್ರಿ ಮಾರುಕಟ್ಟೆ ಬೇಕಾಗಿದ್ದ ಬ್ರೂವರಿಗಳು ಪಬ್‌ಗಳನ್ನು ಕೊಂಡವು, ಇಲ್ಲವೇ ಪಬ್ ಒಡೆಯರಿಗೆ ಸಾಲ ಕೊಟ್ಟು ತಮ್ಮ ಬಿಯರನ್ನೇ ಮಾರುವ ಕರಾರು ಮಾಡಿಕೊಂಡವು. ಹೀಗೆ ಕಟ್ಟುಬಿದ್ದ ಪಬ್ಬಿಗೆ ಟೈಡ್ ಹೌಸ್ ಎಂದು ಹೆಸರು. 1886ರಲ್ಲಿ ಗಿನ್ನೆಸ್ ಸಂಸ್ಥೆ ಷೇರು ಮಾರುಕಟ್ಟೆಗೆ ಇಳಿದು ಭಾರಿ ಯಶಸ್ಸು ಕಂಡಿತು. ಬೇರೆ ಬ್ರೂವರಿಗಳೂ ಅದೇ ದಾರಿ ಹಿಡಿದವು, ಷೇರಿನಿಂದ ಬಂದ ಹಣ ಪಬ್ ಕೊಳ್ಳುವುದಕ್ಕೂ ಕಟ್ಟುವುದಕ್ಕೂ ಹರಿಯಿತು.

1891ರಲ್ಲಿ ಶಾರ್ಪ್ ಮತ್ತು ವೇಕ್‌ಫೀಲ್ಡ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್, ಪರವಾನಗಿಯನ್ನು ನವೀಕರಿಸದಿರುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಉಂಟು ಎಂದು ತೀರ್ಪಿತ್ತಿತು. ಕೊಳಕು ಕಟ್ಟಡವನ್ನು ಇಟ್ಟುಕೊಂಡಿದ್ದರೆ ಪರವಾನಗಿಯೇ ಕೈತಪ್ಪಬಹುದೆಂಬ ಭಯ ಒಡೆಯರನ್ನು ಆವರಿಸಿತು. ಗೌರವಸ್ಥ ಕಟ್ಟಡ ಎನ್ನುವುದು ವ್ಯಾಪಾರದ ಸೊಗಸಷ್ಟೇ ಆಗಿ ಉಳಿಯದೆ ಕಾನೂನಿನೆದುರು ಒಂದು ರಕ್ಷಣೆಯೂ ಆಯಿತು. ಲಂಡನ್ನಿನಲ್ಲಿ 1890ರ ದಶಕದ ಉತ್ತರಾರ್ಧದಲ್ಲಿ ಪಬ್‌ಗಳ ಬೆಲೆ ಹುಚ್ಚುಹುಚ್ಚಾಗಿ ಏರಿ 1899ರಲ್ಲಿ ಕುಸಿಯಿತು. ಇಂದು ಉಳಿದಿರುವ ಅತ್ಯುತ್ತಮ ಒಳಾಂಗಣಗಳಲ್ಲಿ ಬಹುಪಾಲು ಆ ದಶಕದಲ್ಲಿ ಆದವು. ಸ್ಯಾವಿಲ್ ಮತ್ತು ಮಾರ್ಟಿನ್, ಶೂಬ್ರಿಜ್ ಮತ್ತು ರೈಸಿಂಗ್, ಥಾರ್ಪ್ ಮತ್ತು ಫರ್ನಿಸ್ ಮುಂತಾದ ವಾಸ್ತುಶಿಲ್ಪಿ ಸಂಸ್ಥೆಗಳು ಆಗ ಪಬ್ ನಿರ್ಮಾಣದಲ್ಲಿಯೇ ಪರಿಣತಿ ಗಳಿಸಿದ್ದವು.

ನಕ್ಷೆ

ಪಬ್ಬಿಗೆ ಮೆಚ್ಚಿನ ನಿವೇಶನ ಬೀದಿಯ ಮೂಲೆ. ಎರಡು ಬೀದಿಗಳಿಂದಲೂ ಅದು ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡೂ ಬದಿಗಳಲ್ಲಿ ಬಾಗಿಲುಗಳನ್ನು ಇಡಲು ಅವಕಾಶವಾಗುತ್ತದೆ. ಒಂದು ಸಾಧಾರಣ ಲಂಡನ್ ಪಬ್ಬಿನಲ್ಲಿಯೂ ನಾಲ್ಕೈದು ಹೊರಬಾಗಿಲುಗಳಿರುತ್ತಿದ್ದವು, ಪ್ರತಿಯೊಂದೂ ಒಂದೊಂದು ಕೋಣೆಗೆ ಮಾತ್ರ ತೆರೆಯುತ್ತಿತ್ತು. ಬಾಗಿಲಿನ ಗಾಜಿನ ಮೇಲೆ ಕೋಣೆಯ ಹೆಸರನ್ನು ಕೊರೆದಿರುತ್ತಿದ್ದರು. ಈ ಬಗೆಯ ಗಾಜುಗಳು ಹಲವು ಕಡೆ ಇನ್ನೂ ಉಳಿದಿವೆ, ಅಡ್ಡಗೋಡೆಗಳೇ ಹೋಗಿಬಿಟ್ಟ ಪಬ್‌ಗಳ ಮೂಲ ನಕ್ಷೆಯನ್ನು ಇವುಗಳಿಂದಲೇ ತಿಳಿಯಬೇಕಾಗುತ್ತದೆ.

ಪಬ್ಲಿಕ್ ಬಾರ್ ಕೂಲಿಕಾರರದು. ಮರದ ಹಲಗೆಯ ನೆಲ, ಬರಿಯ ಬೆಂಚು, ಅತಿ ಕಡಿಮೆ ದರ. ಸಲೂನ್ ಬಾರ್‌ನಲ್ಲಿ ಮೆತ್ತೆಯ ಆಸನ, ಅಗ್ಗಿಷ್ಟಿಕೆ, ಕನ್ನಡಿಗಳು ಇರುತ್ತಿದ್ದವು. ಗುಮಾಸ್ತರು, ವ್ಯಾಪಾರಸ್ಥರು ಅಲ್ಲಿ ಸ್ವಲ್ಪ ಹೆಚ್ಚು ಬೆಲೆ ತೆತ್ತು ಕುಡಿಯುತ್ತಿದ್ದರು. ಇವೆರಡರ ನಡುವೆ ಪ್ರೈವೇಟ್ ಬಾರ್ ಎನ್ನುವ ಕಿರುಕೋಣೆಗಳು. ಕೆಲವೆಡೆ ಹೆಂಗಸರಿಗೆಂದೇ ಒಂದು ಬಾರ್ ಇರುತ್ತಿತ್ತು. ಸ್ನಗ್ ಎಂಬುದು ನಾಲ್ಕಾರು ಜನ ಹಿಡಿಸುವ, ಬಾಗಿಲು ಮುಚ್ಚಿಕೊಳ್ಳಬಹುದಾದ ಗೂಡು. ಎಲ್ಲಕ್ಕಿಂತ ಚಿಕ್ಕದು ಜಗ್ ಅಂಡ್ ಬಾಟಲ್ ವಿಭಾಗ: ಮನೆಗೆ ಬಿಯರ್ ಒಯ್ಯುವವರು ಹೂಜಿ ಹಿಡಿದು ಬಂದು ನಿಲ್ಲುವಷ್ಟು ಜಾಗ, ಕೌಂಟರಿನ ಒಂದು ತುಣುಕು, ಬೀದಿಗೆ ಒಂದು ಬಾಗಿಲು. ಊಟದ ಹೊತ್ತಿಗೆ ಹೆಂಗಸರೂ ಮಕ್ಕಳೂ ಇಲ್ಲಿಗೆ ಬರುತ್ತಿದ್ದರು.

ಅಡ್ಡಗೋಡೆಗಳು ಛಾವಣಿ ಮುಟ್ಟುತ್ತಿರಲಿಲ್ಲ. ನಿಂತವರ ತಲೆ ಮರೆಯಾಗುವಷ್ಟು ಎತ್ತರದ ಮರದ ತಡಿಕೆಗಳವು, ಮೇಲಿನ ಭಾಗಕ್ಕೆ ಕೊರೆದ ಗಾಜು. ಒಂದೇ ಭವ್ಯ ಛಾವಣಿ ಎಲ್ಲ ಕೋಣೆಗಳ ಮೇಲೂ ಹರಡಿರುತ್ತಿತ್ತು, ಗ್ಯಾಸ್ ಬೆಳಕು ಎಲ್ಲೆಡೆ ಬೀಳುತ್ತಿತ್ತು. ವರ್ಗಭೇದವನ್ನು ಈ ಕಟ್ಟಡ ಕಣ್ಣಿನ ಮಟ್ಟದಲ್ಲಿ ಮಾತ್ರ ಜಾರಿಗೆ ತಂದಿತ್ತು. ಕೂಲಿಯವನ ಮತ್ತು ಅವನ ಧಣಿಯ ನಡುವೆ ಇದ್ದದ್ದು ಒಂದಂಗುಲದ ಹಲಗೆ. ಇಬ್ಬರಿಗೂ ಬಿಯರ್ ಬರುತ್ತಿದ್ದದ್ದು ಅದೇ ಪೀಪಾಯಿಯಿಂದ.

ನೆಲಮಾಳಿಗೆ ಕಟ್ಟಡದ ಅರ್ಧ ಕೆಲಸವನ್ನು ನಿಭಾಯಿಸುತ್ತಿತ್ತು. ಕಾಲುದಾರಿಯಲ್ಲಿ ಜೋಡಿ ಕದಗಳ ಒಂದು ಬಾಯಿ, ಅದರಿಂದ ಕೆಳಕ್ಕೆ ಇಳಿಜಾರು ದಿಮ್ಮಿಗಳು. ಬ್ರೂವರಿಯ ಗಾಡಿಯಿಂದ ಪೀಪಾಯಿಗಳನ್ನು ಹಗ್ಗ ಹಿಡಿದು ಇದರ ಮೇಲೆ ಇಳಿಸುತ್ತಿದ್ದರು. ವರ್ಷವಿಡೀ ತಂಪು ಹೆಚ್ಚುಕಡಿಮೆ ಒಂದೇ ಸಮನಾಗಿರುವ ಈ ಮಾಳಿಗೆಯಲ್ಲಿ ಬಿಯರ್ ಪೀಪಾಯಿಯೊಳಗೇ ತಿಳಿಯಾಗಿ ಹದಕ್ಕೆ ಬರುತ್ತಿತ್ತು. ಮೇಲಂತಸ್ತುಗಳಲ್ಲಿ ಬಿಲಿಯರ್ಡ್ಸ್ ಕೋಣೆ, ಸಭೆ ಅಥವಾ ಊಟದ ಕೋಣೆ, ಅದಕ್ಕೂ ಮೇಲೆ ಒಡೆಯನ ಸಂಸಾರ ಮತ್ತು ಕೆಲಸದವರ ವಾಸ.

ಕೌಂಟರ್ ಮತ್ತು ಅದರ ಸಲಕರಣೆ

ಲಂಡನ್ನಿನ ದೊಡ್ಡ ಪಬ್‌ಗಳಲ್ಲಿ ಕೌಂಟರ್ ಕುದುರೆಲಾಳದ ಆಕಾರದಲ್ಲಿಯೋ ಸುತ್ತಲೂ ಕೋಣೆಗಳಿರುವ ದ್ವೀಪವಾಗಿಯೋ ಇರುತ್ತಿತ್ತು. ತಡಿಕೆಗಳು ಹೊರಗೋಡೆಯಿಂದ ಹೊರಟು ಕೌಂಟರಿನ ಅಂಚಿಗೆ ಬಂದು ನಿಲ್ಲುತ್ತವೆ. ಹೀಗಾಗಿ ಕೌಂಟರಿನ ಒಳಗೆ ನಿಂತ ಒಡೆಯನಿಗೆ ಎಲ್ಲ ಕೋಣೆಗಳೂ ಕಾಣುತ್ತವೆ, ಒಂದು ಕೋಣೆಯಲ್ಲಿ ಕೂತವರಿಗೆ ಪಕ್ಕದ ಕೋಣೆ ಕಾಣುವುದಿಲ್ಲ. ಕುಡಿದು ಗಲಾಟೆ ಮಾಡುವುದಕ್ಕೆ ಅವಕಾಶ ಕೊಟ್ಟ ಒಡೆಯನ ಪರವಾನಗಿಗೇ ಸಂಚಕಾರ ಬರುತ್ತಿದ್ದುದರಿಂದ ಈ ನೋಟ ಅವನಿಗೆ ಅನಿವಾರ್ಯವಾಗಿತ್ತು.

ಆದರೆ ಎದುರು ಬದಿಯ ಗಿರಾಕಿಗಳು ಕೌಂಟರಿನ ಮೇಲಿಂದ ಒಬ್ಬರನ್ನೊಬ್ಬರು ನೋಡಬಹುದಿತ್ತು. ಅದನ್ನು ತಪ್ಪಿಸಲು ಬಂದದ್ದು ಸ್ನಾಬ್ ಸ್ಕ್ರೀನ್. ಸಲೂನ್ ಮತ್ತು ಪ್ರೈವೇಟ್ ಬಾರ್‌ಗಳ ಬದಿಯಲ್ಲಿ, ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ಒಂದು ಮರದ ಚೌಕಟ್ಟು. ಅದರಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಗಾಜಿನ ಹಲಗೆಗಳು. ಪ್ರತಿ ಹಲಗೆಯೂ ನಡುವಿನ ಲಂಬ ತಿರುಗಣಿಯ ಮೇಲೆ ತಿರುಗುತ್ತದೆ. ಗಾಜಿಗೆ ಹೂಬಳ್ಳಿ, ಹಕ್ಕಿಗಳ ಚಿತ್ರ ಕೊರೆದಿರುವುದರಿಂದ ಬೆಳಕು ಬರುತ್ತದೆ, ಮುಖ ಕಾಣಿಸುವುದಿಲ್ಲ. ಚೌಕಟ್ಟಿನ ಕೆಳಗೆ ಬಿಟ್ಟ ಸಂದಿಯಲ್ಲಿ ಗ್ಲಾಸೂ ಹಣವೂ ಕೈಬದಲಾಗುತ್ತವೆ. ಕುಡಿಯುವವರಿಗೆ ಹೇಳುವುದೇನಾದರೂ ಇದ್ದರೆ ಹಲಗೆಯನ್ನು ಬೆರಳಿನಿಂದ ತಿರುಗಿಸಿ ಹೇಳಿ, ಮತ್ತೆ ಮುಚ್ಚಿಕೊಳ್ಳಬಹುದು. ಇವುಗಳಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಲಂಡನ್ನಿನ ಮೇಡಾ ವೇಲ್ ಪ್ರದೇಶದ ಪ್ರಿನ್ಸ್ ಆಲ್ಫ್ರೆಡ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಬಾರ್ಟನ್ಸ್ ಆರ್ಮ್ಸ್‌ಗಳಲ್ಲಿ ಚೆನ್ನಾಗಿ ನೋಡಸಿಗುತ್ತವೆ.

ಕೌಂಟರಿನ ಹಿಂದೆ, ಅಥವಾ ದ್ವೀಪದ ನಡುವೆ, ಬಾಟಲಿ ಮತ್ತು ಗ್ಲಾಸುಗಳನ್ನಿಡುವ ಎತ್ತರದ ಮರದ ಅಟ್ಟಣೆ ಇರುತ್ತದೆ. ಕಂಬ, ಕಮಾನು, ಶಿಖರಗಳನ್ನೊಳಗೊಂಡ ಇದು ಒಂದು ಪುಟ್ಟ ಕಟ್ಟಡದಂತೆಯೇ ರಚಿತವಾದದ್ದು. ಹಿಂಬದಿಯ ಕನ್ನಡಿ ಬೆಳಕನ್ನು ಇಮ್ಮಡಿಸುತ್ತದೆ, ಕೌಂಟರಿಗೆ ಬೆನ್ನು ಮಾಡಿ ನಿಂತ ಕೆಲಸದವರಿಗೆ ಹಿಂದಿನದನ್ನು ತೋರಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ಅಟ್ಟಣೆಯನ್ನು ಗ್ಯಾಂಟ್ರಿ ಎನ್ನುತ್ತಾರೆ. ಅದರಲ್ಲಿ ವಿಸ್ಕಿ ಪೀಪಾಯಿಗಳಿಗೆ ಗೂಡುಗಳಿರುವುದು ಅಲ್ಲಿನ ವಿಶೇಷ.

ಹೊರಮೈ

ಮೂರು ನಾಲ್ಕು ಅಂತಸ್ತಿನ ಇಟ್ಟಿಗೆ ಕಟ್ಟಡ, ನೆಲಮಟ್ಟದಲ್ಲಿ ಮಾತ್ರ ಅದ್ದೂರಿಯ ಮರ, ಗ್ರಾನೈಟ್ ಅಥವಾ ಟೈಲ್ಸ್‌ನ ಮುಂಭಾಗ ಎಂಬುದು ಸಾಮಾನ್ಯ ರೂಪ. ಶೈಲಿಯ ವಿಷಯದಲ್ಲಿ ಪಬ್ ಯಾವ ಪಂಥಕ್ಕೂ ಕಟ್ಟುಬಿದ್ದಿರಲಿಲ್ಲ. ಶತಮಾನದ ಮಧ್ಯದಲ್ಲಿ ಇಟಾಲಿಯನ್ ಮಾದರಿಯ ಗಾರೆ ಮುಖಗಳು, 1880ರ ನಂತರ ಕೆಂಪಿಟ್ಟಿಗೆ ಮತ್ತು ಟೆರಾಕೋಟಾದ ಫ್ಲೆಮಿಷ್ ತ್ರಿಕೋನ ಮುಖಗಳು, ಕೊನೆಗೆ ಗೋಪುರ, ಗುಮ್ಮಟಗಳೊಡನೆ ಬರೋಕ್ ಛಾಯೆ. ಇಗರ್ಜಿ ಮತ್ತು ಶಾಲೆಗಳ ಶೈಲಿಯಾಗಿದ್ದ ಗೋಥಿಕ್ ಪಬ್‌ಗಳಲ್ಲಿ ವಿರಳ. ಬಾಗಿಲ ಮೇಲಿನ ಬೃಹತ್ ಕಬ್ಬಿಣದ ದೀಪಗಳು ಮುಂಭಾಗದ ಅವಿಭಾಜ್ಯ ಅಂಗ. ಬೀದಿ ದೀಪಗಳು ಮಂದವಾಗಿದ್ದ ಕಾಲದಲ್ಲಿ ಪಬ್ಬಿನ ದೀಪವೇ ಆ ಮೂಲೆಯ ಗುರುತಾಗಿತ್ತು.

ಕಿಟಕಿಗಳ ಕೆಳಗಿನ ಅರ್ಧ ಸದಾ ಮಸುಕು. ಒಳಗಿನ ಝಗಮಗ ಹೊರಗೆ ಗೊತ್ತಾಗಬೇಕು, ಒಳಗಿರುವವರು ಯಾರೆಂಬುದು ಗೊತ್ತಾಗಬಾರದು. ಕೊರೆದ ಗಾಜು ಈ ಎರಡನ್ನೂ ಒಮ್ಮೆಗೇ ಸಾಧಿಸಿತು.

ಸಾಮಗ್ರಿ ಮತ್ತು ಕುಶಲಕಲೆ

ಪಬ್ಬಿನ ಕಲೆಗಳಲ್ಲಿ ಗಾಜಿನ ಕೆಲಸವೇ ಶ್ರೇಷ್ಠ. ಹೈಡ್ರೋಫ್ಲೂರಿಕ್ ಆಮ್ಲದಿಂದ ಗಾಜನ್ನು ಕೊರೆಯುವ ವಿಧಾನ ಶತಮಾನದ ಮಧ್ಯದ ನಂತರ ಬಳಕೆಗೆ ಬಂತು. ಆಮ್ಲ ತಾಗಬಾರದ ಕಡೆ ರಕ್ಷಕ ಲೇಪ ಬಳಿದು ಉಳಿದ ಭಾಗವನ್ನು ಆಮ್ಲಕ್ಕೆ ಒಡ್ಡುತ್ತಿದ್ದರು. ಇದನ್ನೇ ಹಲವು ಸುತ್ತು ಮಾಡಿದರೆ ಒಂದೇ ಗಾಜಿನಲ್ಲಿ ಮಸುಕಿನ ಹಲವು ಛಾಯೆಗಳು ಮೂಡುತ್ತವೆ. ಬ್ರಿಲಿಯಂಟ್ ಕಟ್ ಎಂಬುದು ಬೇರೆ: ದಪ್ಪ ಗಾಜನ್ನು ತಿರುಗುವ ಕಲ್ಲುಚಕ್ರಕ್ಕೆ ಹಿಡಿದು ಆಳವಾದ ಗೀರುಗಳನ್ನು ಕೆತ್ತಿ, ಅವುಗಳಿಗೆ ಹೊಳಪು ಕೊಡುವುದು. ಈ ಗೀರುಗಳು ಗ್ಯಾಸ್ ಜ್ವಾಲೆಯನ್ನು ನೂರು ಕಡೆಗೆ ಚದುರಿಸುತ್ತವೆ. ಲಂಡನ್ನಿನ ಸೇಂಟ್ ಜೇಮ್ಸ್ ಪ್ರದೇಶದ ರೆಡ್ ಲಯನ್ ಬಹಳ ಚಿಕ್ಕ ಪಬ್. ಅದರ ಗೋಡೆಗಳನ್ನು ಈ ರೀತಿ ಕೆತ್ತಿದ ಕನ್ನಡಿಗಳು ತುಂಬಿಕೊಂಡಿವೆ, ಇಕ್ಕಟ್ಟು ಅಲ್ಲಿ ತಿಳಿಯುವುದೇ ಇಲ್ಲ.

ಟೈಲ್ಸ್ ಹೊಗೆಗೂ ತೇವಕ್ಕೂ ಜಗ್ಗದ, ಒರೆಸಿದರೆ ಶುದ್ಧವಾಗುವ ಸಾಮಗ್ರಿ. ಮಿಂಟನ್, ಡೌಲ್ಟನ್, ಕ್ರೇವನ್ ಡನಿಲ್, ಲೀಡ್ಸ್‌ನ ಬರ್ಮಂಟಾಫ್ಟ್ಸ್ ಮುಂತಾದ ಕಾರ್ಖಾನೆಗಳು ಗೋಡೆ, ನೆಲ, ಕೆಲವೆಡೆ ಕೌಂಟರಿನ ಮುಂಭಾಗಕ್ಕೂ ಟೈಲ್ಸ್ ಒದಗಿಸಿದವು. ಎಡಿನ್‌ಬರೋದ ಕೆಫೆ ರಾಯಲ್‌ನಲ್ಲಿ ಜೇಮ್ಸ್ ವಾಟ್, ಮೈಕೆಲ್ ಫ್ಯಾರಡೆ ಮೊದಲಾದ ಆವಿಷ್ಕಾರಕರನ್ನು ಚಿತ್ರಿಸುವ ಡೌಲ್ಟನ್ ಟೈಲ್ ಫಲಕಗಳಿವೆ. ಚಿತ್ರಕಾರ ಜಾನ್ ಐರ್.

ಛಾವಣಿಯ ಉಬ್ಬು ಚಿತ್ತಾರ ಮೊದಮೊದಲು ಗಾರೆಯದೇ. 1877ರಲ್ಲಿ ಫ್ರೆಡರಿಕ್ ವಾಲ್ಟನ್ ಲಿಂಕ್ರಸ್ಟಾ ಎಂಬ, ಅಗಸೆ ಎಣ್ಣೆಯ ಮಿಶ್ರಣದಿಂದ ತಯಾರಿಸಿದ ಉಬ್ಬು ಹೊದಿಕೆಯನ್ನು ಹೊರತಂದ ಮೇಲೆ ಅದೇ ನೋಟ ಕಡಿಮೆ ಖರ್ಚಿನಲ್ಲಿ ಸಾಧ್ಯವಾಯಿತು. ಗಾಢ ಕಂದು ಬಣ್ಣ ಅಥವಾ ವಾರ್ನಿಷ್ ಬಳಿದು ತಂಬಾಕಿನ ಹೊಗೆಯ ಕಲೆ ಕಾಣದಂತೆ ಮಾಡುತ್ತಿದ್ದರು. ಕೌಂಟರಿಗೂ ತಡಿಕೆಗಳಿಗೂ ಮಹಾಗನಿ ಮೆಚ್ಚಿನ ಮರ. ಎರಕದ ಕಬ್ಬಿಣದ ತೆಳು ಕಂಬಗಳು ಮೇಲಂತಸ್ತಿನ ಭಾರ ಹೊತ್ತು, ನೆಲಮಟ್ಟದಲ್ಲಿ ದಪ್ಪ ಗೋಡೆಗಳ ಅಗತ್ಯವನ್ನು ನೀಗಿಸಿದವು. ತಡಿಕೆಗಳನ್ನು ಬೇಕಾದಲ್ಲಿ ನಿಲ್ಲಿಸಲು ಸಾಧ್ಯವಾದದ್ದು ಈ ಕಂಬಗಳಿಂದಲೇ.

ಪ್ರಾದೇಶಿಕ ಭೇದಗಳು

ಒಂದೇ ಸಭಾಂಗಣವನ್ನು ತಡಿಕೆಗಳಿಂದ ಸೀಳುವುದು ಲಂಡನ್ ಪದ್ಧತಿ. ಉತ್ತರ ಇಂಗ್ಲೆಂಡಿನಲ್ಲಿ ಕೋಣೆಗಳಿಗೆ ನಿಜವಾದ ಗೋಡೆಗಳಿದ್ದವು. ಬಾಗಿಲಿನಿಂದ ಒಳಕ್ಕೆ ಹೋಗುವ ಅಗಲವಾದ ಓಣಿಯೇ ನಿಂತು ಕುಡಿಯುವ ಜಾಗವಾಗಿತ್ತು, ಅದರ ಇಕ್ಕೆಲಗಳಲ್ಲಿ ಸ್ಮೋಕ್ ರೂಮ್, ಟ್ಯಾಪ್ ರೂಮ್ ಎಂಬ ಕೋಣೆಗಳು. ಇಲ್ಲಿ ಕೋಣೆಯಲ್ಲಿ ಕೂತವರು ಗಂಟೆ ಒತ್ತಿದರೆ ಮಾಣಿ ಬಂದು ಕೇಳುತ್ತಿದ್ದ. ಒತ್ತುಗುಂಡಿಗಳು ಹಲವು ಗೋಡೆಗಳಲ್ಲಿ ಇನ್ನೂ ಇವೆ. ಲೀಡ್ಸ್‌ನ ಹನ್ಸ್‌ಲೆಟ್‌ನಲ್ಲಿರುವ ಗಾರ್ಡನ್ ಗೇಟ್ (1902) ಈ ಬಗೆಯ ಪಬ್. ಅದರ ಟೈಲ್ಸ್ ಹೊದಿಸಿದ ಮುಖ, ಟೈಲ್ಸ್‌ನದೇ ಕೌಂಟರ್ ಹೆಸರಾದವು. ಮ್ಯಾಂಚೆಸ್ಟರಿನ ಮಾರ್ಬಲ್ ಆರ್ಚ್ (1888) ಪಬ್ಬಿನ ಮೊಸಾಯಿಕ್ ನೆಲ ಕೌಂಟರಿನ ಕಡೆಗೆ ಇಳಿಜಾರಾಗಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಜೇಮ್ಸ್ ಮತ್ತು ಲಿಸ್ಟರ್ ಲೀ ಎಂಬ ಸಂಸ್ಥೆ ಕೆಂಪು ಟೆರಾಕೋಟಾದ ಸಾಲು ಸಾಲು ಪಬ್‌ಗಳನ್ನು ರೂಪಿಸಿತು. 1901ರಲ್ಲಿ ಮುಗಿದ ಬಾರ್ಟನ್ಸ್ ಆರ್ಮ್ಸ್ ಕೂಡ ಇದೇ ಸಂಸ್ಥೆಯ ಪ್ರಸಿದ್ಧ ಪಬ್.

ಸ್ಕಾಟ್ಲೆಂಡಿನಲ್ಲಿ ಪಬ್ ಹೆಚ್ಚಾಗಿ ವಸತಿ ಕಟ್ಟಡದ ನೆಲಮಟ್ಟದಲ್ಲಿನ ಒಂದು ಅಂಗಡಿ. ಒಂದೇ ಎತ್ತರದ ಕೋಣೆ, ನಡುವೆ ದ್ವೀಪ ಕೌಂಟರ್. ಗ್ಲ್ಯಾಸ್ಗೋದ ಹಾರ್ಸ್‌ಶೂ ಬಾರಿನ ಕೌಂಟರ್ 100 ಅಡಿಗೂ ಮೀರಿ ಉದ್ದವಿದ್ದು, ಬ್ರಿಟನ್ನಿನ ಅತಿ ಉದ್ದದ ಕೌಂಟರುಗಳಲ್ಲಿ ಒಂದು. ಐರ್ಲೆಂಡಿನಲ್ಲಿ ದಿನಸಿ ಅಂಗಡಿಯೂ ಮದ್ಯದಂಗಡಿಯೂ ಒಂದೇ ಸೂರಿನಡಿ ಇರುವುದು ರೂಢಿ: ಮುಂದೆ ಸಾಮಾನು, ಹಿಂದೆ ಕುಡಿಯುವ ಜಾಗ, ಮರೆ ಬಯಸುವವರಿಗೆ ಸ್ನಗ್.

ಪ್ರಮುಖ ಕಟ್ಟಡಗಳು

ಬೆಲ್‌ಫಾಸ್ಟಿನ ಗ್ರೇಟ್ ವಿಕ್ಟೋರಿಯಾ ಬೀದಿಯಲ್ಲಿರುವ ಕ್ರೌನ್ ಲಿಕರ್ ಸಲೂನ್ 1826ರಲ್ಲಿ ಆರಂಭವಾದ ಪಬ್. ಇಂದಿನ ರೂಪ ಬಂದದ್ದು 1885ರಲ್ಲಿ ಪ್ಯಾಟ್ರಿಕ್ ಫ್ಲ್ಯಾನಿಗನ್ ಮಾಡಿಸಿದ ನವೀಕರಣದಿಂದ. ಇಗರ್ಜಿಗಳ ಕೆಲಸಕ್ಕೆಂದು ಐರ್ಲೆಂಡಿಗೆ ಬಂದಿದ್ದ ಇಟಲಿಯ ಕುಶಲಕರ್ಮಿಗಳು ಇಲ್ಲಿಯೂ ದುಡಿದರೆಂಬ ಪ್ರತೀತಿಯಿದೆ. ಬಹುವರ್ಣದ ಟೈಲ್ಸ್‌ನ ಹೊರಮುಖ ದಾಟಿದರೆ ಒಂದು ಬದಿಗೆ ಟೈಲ್ಸ್ ಮತ್ತು ಗ್ರಾನೈಟ್‌ನ ಉದ್ದನೆಯ ಕೌಂಟರ್, ಇನ್ನೊಂದು ಬದಿಗೆ ಅಕ್ಷರ ಹಚ್ಚಿದ 10 ಸ್ನಗ್‌ಗಳ ಸಾಲು. ಪ್ರತಿ ಸ್ನಗ್‌ಗೂ ಕೆತ್ತನೆಯ ಮರದ ಬಾಗಿಲು, ಇಕ್ಕೆಲದ ಕಂಬಗಳ ಮೇಲೆ ಗುರಾಣಿ ಹಿಡಿದ ಸಿಂಹ ಮತ್ತು ಗ್ರಿಫಿನ್‌ಗಳು. ಒಳಗಿನ ಗೋಡೆಯಲ್ಲಿ ಬೆಂಕಿಕಡ್ಡಿ ಗೀರಲು ಒಂದು ಲೋಹದ ತಗಡು. ಪಕ್ಕದಲ್ಲಿ ಮಾಣಿಯನ್ನು ಕರೆಯುವ ಗಂಟೆಯ ಗುಂಡಿ. ಗುಂಡಿ ಒತ್ತಿದರೆ ಯಾವ ಸ್ನಗ್‌ನಿಂದ ಕರೆ ಬಂತೆಂಬುದನ್ನು ಕೌಂಟರಿನ ಬಳಿಯ ಫಲಕ ತೋರಿಸುತ್ತದೆ. ಎದುರಿನ ಯುರೋಪಾ ಹೋಟೆಲನ್ನು ಗುರಿಯಾಗಿಸಿದ ಬಾಂಬ್ ದಾಳಿಗಳಲ್ಲಿ ಈ ಪಬ್ ಹಲವು ಬಾರಿ ಹಾನಿಗೊಳಗಾಯಿತು. 1978ರಲ್ಲಿ ನ್ಯಾಷನಲ್ ಟ್ರಸ್ಟ್ ಇದನ್ನು ಕೊಂಡು 1981ರ ವೇಳೆಗೆ ಜೀರ್ಣೋದ್ಧಾರ ಮಾಡಿಸಿತು.

ಲಿವರ್‌ಪೂಲಿನ ಹೋಪ್ ಬೀದಿಯ ಫಿಲ್‌ಹಾರ್ಮೊನಿಕ್ ಡೈನಿಂಗ್ ರೂಮ್ಸ್ ಬ್ರೂವರಿ ಮಾಲೀಕ ರಾಬರ್ಟ್ ಕೇನ್‌ಗಾಗಿ ವಾಸ್ತುಶಿಲ್ಪಿ ವಾಲ್ಟರ್ ಡಬ್ಲ್ಯು. ಥಾಮಸ್ 1898–1900ರಲ್ಲಿ ರೂಪಿಸಿದ ಕಟ್ಟಡ. ಕಬ್ಬಿಣ ಮತ್ತು ತಾಮ್ರದಲ್ಲಿ ಆರ್ಟ್ ನೂವೋ ಶೈಲಿಯ ಹೆಬ್ಬಾಗಿಲುಗಳನ್ನು ಹೆನ್ರಿ ಬ್ಲೂಮ್‌ಫೀಲ್ಡ್ ಬೇರ್ ರಚಿಸಿದ. ಗಾರೆಯ ಶಿಲ್ಪಗಳು ಚಾರ್ಲ್ಸ್ ಜಾನ್ ಆಲೆನ್‌ನವು. ತಗಡನ್ನು ಹಿಂದಿನಿಂದ ಬಡಿದು ಮೂಡಿಸಿದ ತಾಮ್ರದ ಫಲಕಗಳು, ಬಣ್ಣದ ಗಾಜು, ಮೊಸಾಯಿಕ್ ಹೊದಿಸಿದ ಕೌಂಟರ್ ಎಲ್ಲವೂ ಒಂದೇ ಯೋಜನೆಯ ಭಾಗವಾಗಿ ಮೂಡಿಬಂದವು. ಗಂಡಸರ ಶೌಚಾಲಯದ ಗುಲಾಬಿ ಬಣ್ಣದ ಅಮೃತಶಿಲೆಯಂಥ ಸಾಮಗ್ರಿಯ ಮೂತ್ರಿಗಳೂ ಸಂರಕ್ಷಿತ ವಸ್ತುಗಳೇ. ಹೆಂಗಸರಿಗೆ ಮೂಲ ನಕ್ಷೆಗಳಲ್ಲಿ ಸಾಮಾನ್ಯವಾಗಿ ಶೌಚಾಲಯವೇ ಇರುತ್ತಿರಲಿಲ್ಲ ಎಂಬುದನ್ನು ಈ ವೈಭವದ ಜತೆಗೇ ನೆನೆಯಬೇಕು. 2020ರಲ್ಲಿ ಈ ಕಟ್ಟಡಕ್ಕೆ ಇಂಗ್ಲೆಂಡಿನ ಅತ್ಯುನ್ನತ ಸಂರಕ್ಷಣಾ ದರ್ಜೆಯಾದ ಗ್ರೇಡ್ 1 ದೊರೆಯಿತು.

ಲಂಡನ್ನಿನ ಹೈ ಹೋಬರ್ನ್‌ನಲ್ಲಿರುವ ಪ್ರಿನ್ಸೆಸ್ ಲೂಯಿಸ್ ಪಬ್ 1872ರದು, ಒಳಾಂಗಣ 1891ರದು. ಟೈಲ್ಸ್ ಡಬ್ಲ್ಯು. ಬಿ. ಸಿಂಪ್ಸನ್ ಸಂಸ್ಥೆಯವು, ಗಾಜಿನ ಕೆಲಸ ಆರ್. ಮಾರಿಸ್ ಸಂಸ್ಥೆಯದು. ಮೇಡಾ ವೇಲ್‌ನ ಪ್ರಿನ್ಸ್ ಆಲ್ಫ್ರೆಡ್‌ನಲ್ಲಿ ಕೌಂಟರಿನ ಸುತ್ತಲಿನ ಐದು ವಿಭಾಗಗಳು ಉಳಿದಿವೆ. ತಡಿಕೆಗಳ ಬುಡದಲ್ಲಿ ಸೊಂಟದೆತ್ತರದ ಕಿರುಬಾಗಿಲುಗಳಿದ್ದು, ಖಾಲಿ ಗ್ಲಾಸು ಆಯುವ, ನೆಲ ಗುಡಿಸುವ ಹುಡುಗ ಅವುಗಳ ಮೂಲಕ ಬಗ್ಗಿ ದಾಟುತ್ತಿದ್ದ. ಈಗ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಗಿರಾಕಿಗಳೂ ಅದೇ ರೀತಿ ಬಗ್ಗಬೇಕು.

ಬಳಕೆ

ಕುಡಿಯುವುದಲ್ಲದೆ ಹಲವು ಸಾರ್ವಜನಿಕ ಕೆಲಸಗಳಿಗೆ ಪಬ್ಬೇ ನೆಲೆಯಾಗಿತ್ತು. ಪರಸ್ಪರ ನೆರವಿನ ಸಂಘಗಳು, ಕಾರ್ಮಿಕ ಸಂಘಗಳು ಮೇಲಂತಸ್ತಿನ ಕೋಣೆಗಳಲ್ಲಿ ಸಭೆ ಸೇರುತ್ತಿದ್ದವು. ಶಂಕಾಸ್ಪದ ಸಾವುಗಳ ವಿಚಾರಣೆಯೂ ಅಲ್ಲಿ ನಡೆಯುತ್ತಿತ್ತು. ಬೇರೆ ಜಾಗವಿದ್ದಲ್ಲಿ ಪಬ್ಬಿನಲ್ಲಿ ವಿಚಾರಣೆ ಕೂಡದೆಂದು 1902ರ ಕಾಯಿದೆ ಹೇಳಿತು. ಕೆಲಸಗಾರರಿಗೆ ಪಬ್ಬಿನಲ್ಲಿ ಕೂಲಿ ಬಟವಾಡೆ ಮಾಡುವ ಕೆಟ್ಟ ಪದ್ಧತಿಯನ್ನು 1883ರಲ್ಲಿ ನಿಷೇಧಿಸಲಾಯಿತು. ಪಬ್‌ಗಳ ಹಾಡಿನ ಕೋಣೆಗಳು ಬೆಳೆದು ಮ್ಯೂಸಿಕ್ ಹಾಲ್ ಎಂಬ ಬೇರೆಯೇ ಕಟ್ಟಡ ಮಾದರಿ ಹುಟ್ಟಿತು. 1852ರಲ್ಲಿ ಚಾರ್ಲ್ಸ್ ಮಾರ್ಟನ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ತನ್ನ ಪಬ್ಬಿಗೆ ಹೊಂದಿಸಿ ತೆರೆದ ಕ್ಯಾಂಟರ್‌ಬರಿ ಹಾಲ್ ಅದರ ಆರಂಭದ ದೊಡ್ಡ ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ಬದಲಾವಣೆ

1902ರ ಕಾಯಿದೆ ಪಬ್ಬಿನ ಒಳರಚನೆಯ ಬದಲಾವಣೆಗಳನ್ನು ಮ್ಯಾಜಿಸ್ಟ್ರೇಟರ ಒಪ್ಪಿಗೆಗೆ ಒಳಪಡಿಸಿತು. ಮರೆಯ ಮೂಲೆಗಳು ಅನಾಚಾರಕ್ಕೆ ಎಡೆಗೊಡುತ್ತವೆ ಎಂಬ ಅಭಿಪ್ರಾಯ ಬಲವಾಗಿ, ಸ್ನಗ್‌ಗಳನ್ನೂ ತಡಿಕೆಗಳನ್ನೂ ತೆಗೆಸುವ ಒತ್ತಡ ಬಂತು. ಎರಡು ಮಹಾಯುದ್ಧಗಳ ನಡುವಿನ ಸುಧಾರಿತ ಪಬ್‌ಗಳು ತೋಟ, ಊಟದ ಹಾಲ್‌ಗಳಿಂದ ಕೂಡಿ ವಿಶಾಲವಾಗಿದ್ದವು, ಹಳೆಯ ಅಲಂಕಾರವನ್ನು ಅವು ಕೈಬಿಟ್ಟವು.

ದೊಡ್ಡ ನಷ್ಟ ಆದದ್ದು 1950ರಿಂದ 1970ರ ದಶಕಗಳಲ್ಲಿ. ಕೊಳೆಗೇರಿ ನಿರ್ಮೂಲನದಲ್ಲಿ ಬೀದಿಗಳೊಂದಿಗೆ ಮೂಲೆಯ ಪಬ್‌ಗಳೂ ಉರುಳಿದವು. ಉಳಿದವುಗಳಲ್ಲಿ ಪಬ್ಲಿಕ್ ಮತ್ತು ಸಲೂನ್ ಬಾರ್‌ಗಳ ಭೇದಕ್ಕೆ ಅರ್ಥವಿಲ್ಲದಂತಾಯಿತು. ಒಂದೇ ದೊಡ್ಡ ಕೋಣೆಗೆ ಕೆಲಸಗಾರರು ಕಡಿಮೆ ಸಾಕು. ತಡಿಕೆಗಳನ್ನು ಕಿತ್ತರು, ಟೈಲ್ಸ್ ಮೇಲೆ ಹಲಗೆ ಹೊಡೆದರು, ಕೊರೆದ ಗಾಜಿನ ಬದಲು ಸಾದಾ ಗಾಜು ಕೂರಿಸಿದರು. ವರ್ಗಭೇದ ಅಳಿದದ್ದು ಒಳ್ಳೆಯದೇ. ಅದರೊಂದಿಗೆ ಕಳೆದುಹೋದ ಕುಶಲಕಲೆಯನ್ನು ಮರಳಿ ಪಡೆಯುವುದು ಮಾತ್ರ ಬಹುಪಾಲು ಅಸಾಧ್ಯವಾಯಿತು.

ಸಂರಕ್ಷಣೆ ಮತ್ತು ಇಂದಿನ ಸ್ಥಿತಿ

1958ರಲ್ಲಿ ಸ್ಥಾಪನೆಯಾದ ವಿಕ್ಟೋರಿಯನ್ ಸೊಸೈಟಿ ಆ ಕಾಲದ ಕಟ್ಟಡಗಳ ಪರವಾಗಿ ದನಿಯೆತ್ತಿತು. ಸಾಂಪ್ರದಾಯಿಕ ಬಿಯರಿನ ಉಳಿವಿಗಾಗಿ 1971ರಲ್ಲಿ ಹುಟ್ಟಿದ ಕ್ಯಾಮ್ರಾ ಸಂಘಟನೆ ಮುಂದೆ ಪಬ್ ಕಟ್ಟಡಗಳ ಕಡೆಗೂ ಗಮನ ಹರಿಸಿ, ಹಳೆಯ ಒಳಾಂಗಣ ಉಳಿಸಿಕೊಂಡ ಪಬ್‌ಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಸಿದ್ಧಪಡಿಸಿತು. ಈ ವಿಷಯದ ವ್ಯವಸ್ಥಿತ ಅಧ್ಯಯನಕ್ಕೆ ಇತಿಹಾಸಕಾರ ಮಾರ್ಕ್ ಜಿರುವಾರ್ಡ್ 1975ರಲ್ಲಿ ಪ್ರಕಟಿಸಿದ ‘ವಿಕ್ಟೋರಿಯನ್ ಪಬ್ಸ್’ ಗ್ರಂಥ ಬುನಾದಿ ಹಾಕಿತು. ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡದ ಒಳಾಂಗಣಕ್ಕೂ ರಕ್ಷಣೆ ಅನ್ವಯಿಸುತ್ತದೆ, ಅನುಮತಿಯಿಲ್ಲದೆ ಕೌಂಟರನ್ನೋ ತಡಿಕೆಯನ್ನೋ ತೆಗೆಯುವುದು ಅಪರಾಧ.

ಆರ್ಥಿಕ ಸ್ಥಿತಿ ಅಷ್ಟು ಭದ್ರವಾಗಿಲ್ಲ. ಮನೆಯಲ್ಲಿಯೇ ಕುಡಿಯುವ ರೂಢಿ, ಏರಿದ ತೆರಿಗೆ ಮತ್ತು ನಿವೇಶನದ ಬೆಲೆ, 2006–07ರಲ್ಲಿ ಬ್ರಿಟನ್ನಿನಾದ್ಯಂತ ಜಾರಿಗೆ ಬಂದ ಒಳಾಂಗಣ ಧೂಮಪಾನ ನಿಷೇಧ, 2020ರ ಕೊರೊನಾ ಮುಚ್ಚುವಿಕೆ ಇವೆಲ್ಲ ಪಬ್ ವ್ಯಾಪಾರವನ್ನು ಕುಗ್ಗಿಸಿವೆ. ಮುಚ್ಚಿದ ಪಬ್‌ಗಳು ಫ್ಲ್ಯಾಟ್‌ಗಳಾಗುತ್ತವೆ. ಆಗ ಹೊರಮುಖ ಉಳಿದರೂ ನಕ್ಷೆ ಅಳಿಯುತ್ತದೆ. ಇಂಗ್ಲೆಂಡಿನಲ್ಲಿ 2011ರ ಸ್ಥಳೀಯತಾ ಕಾಯಿದೆಯಡಿ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿಯೆಂದು ನೋಂದಾಯಿಸಿ, ಮಾರಾಟಕ್ಕೆ ಬಂದಾಗ ತಾವೇ ಕೊಳ್ಳಲು ಕಾಲಾವಕಾಶ ಪಡೆಯಬಹುದು. ವಿಕ್ಟೋರಿಯನ್ ಕಾಲದ್ದಲ್ಲದ, 1920–21ರಲ್ಲಿ ಕಟ್ಟಿದ ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಪ್ರಕರಣ ಎಲ್ಲ ಹಳೆಯ ಪಬ್‌ಗಳಿಗೂ ಮಾರ್ಗದರ್ಶಿಯಾಯಿತು. 2015ರಲ್ಲಿ ಅನುಮತಿಯಿಲ್ಲದೆ ಕೆಡವಿದ ಅದನ್ನು ಮೊದಲಿದ್ದಂತೆಯೇ ಕಟ್ಟಿಕೊಡಬೇಕೆಂದು ಸ್ಥಳೀಯ ಆಡಳಿತ ಆದೇಶಿಸಿತು, 2021ರಲ್ಲಿ ಪಬ್ ಮತ್ತೆ ತೆರೆಯಿತು.

ಜೀರ್ಣೋದ್ಧಾರದ ದಿಕ್ಕೂ ಬದಲಾಗಿದೆ. ಪ್ರಿನ್ಸೆಸ್ ಲೂಯಿಸ್‌ನ ಕೌಂಟರಿನ ಸುತ್ತಲಿದ್ದ ತಡಿಕೆಗಳನ್ನು ಹಿಂದೆ ಕಿತ್ತುಹಾಕಲಾಗಿತ್ತು. 2007–08ರಲ್ಲಿ ಅಲ್ಲಿ ನಡೆದ ನವೀಕರಣದಲ್ಲಿ ಅವುಗಳನ್ನು ಮೂಲದ ಮಾದರಿಯಲ್ಲಿ ಹೊಸದಾಗಿ ಮಾಡಿಸಿ ನಿಲ್ಲಿಸಿದರು. ಬೇರೆ ಬೇರೆ ದರ ವಿಧಿಸುವ ಪದ್ಧತಿ ಈಗ ಇಲ್ಲ. ಚಿಕ್ಕ ಗುಂಪುಗಳು ಮಾತಿಗೆ ಕೂರಲು ಈ ಕಿರುಕೋಣೆಗಳನ್ನೇ ಆರಿಸಿಕೊಳ್ಳುತ್ತವೆ.